ಇಂಗ್ಲಿಷ್ ವಾಕ್ಯ ಕೀಲಿನಲ್ಲಿ ಸೋರುತ್ತಿದೆಯೇ? ಕ್ರಿಯಾಪದ, ನಾಮಪದ, ಪ್ರಿಪೊಸಿಷನ್ ಕೂಡುವ ಕಡೆಯ ದೋಷ ನಿವಾರಣೆ

ದೋಷದ ಲಕ್ಷಣ ಹೀಗಿರುತ್ತದೆ: ವಾಕ್ಯದ ಒಂದೊಂದು ಪದವೂ ಸರಿ, ಸ್ಪೆಲ್ಲಿಂಗ್ ಸರಿ, ಹೇಳಬೇಕಾದದ್ದು ತಿಳಿಯುತ್ತದೆ. ಆದರೂ ಇಂಗ್ಲಿಷ್ ಬಲ್ಲವರು ಓದುವಾಗ ಒಂದು ಕಡೆ ಎಡವುತ್ತಾರೆ. 'ವಿ ಡಿಸ್ಕಸ್ಡ್ ಅಬೌಟ್ ದ ಮ್ಯಾಟರ್', 'ಐ ರೀಚ್ಡ್ ಟು ವಾಡಿ', 'ಹಿ ಮ್ಯಾರಿಡ್ ವಿತ್ ಎ ಟೀಚರ್', 'ಐ ಆಮ್ ಹಿಯರ್ ಸಿನ್ಸ್ ಟೂ ಡೇಸ್'. ಕಲಬುರಗಿಯಲ್ಲಿ ಅರ್ಜಿ, ಬಯೋಡೇಟಾ ಟೈಪ್ ಮಾಡಿಕೊಡುವ ಅಂಗಡಿ ನನ್ನದು. ಬರುವ ಹಾಳೆಗಳಲ್ಲಿ ಸ್ಪೆಲ್ಲಿಂಗ್ ತಪ್ಪು ಈಗ ಅಪರೂಪ, ಅದನ್ನು ಮೊಬೈಲೇ ತಿದ್ದಿಬಿಡುತ್ತದೆ. ಉಳಿದುಕೊಂಡಿರುವುದು ಈ ಬಗೆಯ ತಪ್ಪು. ಸಿಬ್ಬಂದಿ ನೇಮಕಾತಿ ಆಯೋಗದ ಪರೀಕ್ಷೆಯಲ್ಲಿ ವಾಕ್ಯವನ್ನು ತುಂಡು ಮಾಡಿ 'ತಪ್ಪು ಯಾವ ಭಾಗದಲ್ಲಿದೆ' ಎಂದು ಕೇಳುತ್ತಾರಲ್ಲ, ಅಲ್ಲಿ ಅಂಕ ಕೈಬಿಡುವುದೂ ಹೆಚ್ಚಾಗಿ ಇದರಿಂದಲೇ.

ಮೊದಲು ಮಾಡಬಾರದ ಕೆಲಸವನ್ನು ಹೇಳಿಬಿಡುತ್ತೇನೆ. ಪ್ರಿಪೊಸಿಷನ್ ತಪ್ಪಾಗಿದೆ ಎಂದು ಅನುಮಾನ ಬಂದ ಕೂಡಲೇ ಅದನ್ನು ಕಿತ್ತು ಇನ್ನೊಂದನ್ನು ಹಾಕಿ ನೋಡಬೇಡಿ. 'ಅಬೌಟ್' ತೆಗೆದು 'ಆನ್', 'ಆನ್' ತೆಗೆದು 'ಆಫ್' ಎಂದು ಬದಲಿಸುತ್ತ ಹೋದರೆ ಕೊನೆಗೆ ಸರಿಯಾದದ್ದೇ ಸಿಕ್ಕರೂ ಏಕೆ ಸರಿ ಎಂಬುದು ತಿಳಿಯುವುದಿಲ್ಲ. ಗೋಡೆ ತೇವವಾದ ಜಾಗದಲ್ಲಿಯೇ ಪೈಪು ಒಡೆದಿರಬೇಕೆಂದಿಲ್ಲ. ಇಲ್ಲೂ ತಪ್ಪು ಕಾಣುವುದು ಪ್ರಿಪೊಸಿಷನ್ನಿನಲ್ಲಿ, ಹುಟ್ಟುವುದು ಅದರ ಪಕ್ಕದ ಪದದಲ್ಲಿ.

ಹಾಗಾಗಿ ಪ್ರತಿ ಕೀಲಿನಲ್ಲಿಯೂ ಕೇಳಬೇಕಾದ ಪ್ರಶ್ನೆ ಒಂದೇ: ಇಲ್ಲಿ ಆರಿಸುವ ಪದ ಯಾವುದು? 'ವೇಟ್ ಫಾರ್', 'ಲಿಸನ್ ಟು', 'ಡಿಪೆಂಡ್ ಆನ್' ಎಂಬಲ್ಲಿ ಮುಂದಿನ ಪ್ರಿಪೊಸಿಷನ್ನನ್ನು ಕ್ರಿಯಾಪದ ಆರಿಸುತ್ತದೆ. 'ಎಟ್ ಟೆನ್ ಓ ಕ್ಲಾಕ್', 'ಆನ್ ಮಂಡೇ' ಎಂಬಲ್ಲಿ ನಂತರ ಬರುವ ನಾಮಪದ ಆರಿಸುತ್ತದೆ. ಅಲ್ಲಿ ಕ್ರಿಯಾಪದ 'ಕಮ್' ಆದರೂ 'ಸ್ಲೀಪ್' ಆದರೂ ವ್ಯತ್ಯಾಸವಿಲ್ಲ. 'ಮೇಕ್ ಎ ಮಿಸ್ಟೇಕ್', 'ಟೇಕ್ ಎ ಬಾತ್' ಎಂಬಲ್ಲಿ ನಾಮಪದವು ಕ್ರಿಯಾಪದವನ್ನೇ ಆರಿಸಿಕೊಳ್ಳುತ್ತದೆ. ಈ ಮೂರರಲ್ಲಿ ಯಾವುದರಲ್ಲೂ ಪ್ರಿಪೊಸಿಷನ್ ತಾನೇ ಏನನ್ನೂ ಆರಿಸುವುದಿಲ್ಲ. 'ಫಾರ್ ಎಂದರೆ ಗೋಸ್ಕರ, ಟು ಎಂದರೆ ಗೆ' ಎಂದು ಪಟ್ಟಿ ಬಾಯಿಪಾಠ ಮಾಡಿದವರು ಹತ್ತು ವರ್ಷ ಓದಿದರೂ ಎಡವುವುದು ಇದೇ ಕಾರಣಕ್ಕೆ. ಪಟ್ಟಿ ಸುಳ್ಳಲ್ಲ, ಆದರೆ ಅದು ಹಿಡಿದಿರುವುದು ಆರಿಸುವ ಪದವನ್ನಲ್ಲ.

ಬೇಡದ ಪ್ರಿಪೊಸಿಷನ್ ಬಂದು ಸೇರಿದಾಗ

ಅತಿ ಹೆಚ್ಚು ಕಾಣುವ ದೋಷ ಇದು. ಡಿಸ್ಕಸ್ ಅಬೌಟ್, ವಿಸಿಟ್ ಟು, ರಿಕ್ವೆಸ್ಟ್ ಫಾರ್, ಡಿಮಾಂಡ್ ಫಾರ್, ಎಂಟರ್ ಇನ್‌ಟು, ಆನ್ಸರ್ ಟು, ರಿಸೆಂಬಲ್ ಟು, ಆರ್ಡರ್ ಫಾರ್. ಇವೆಲ್ಲ ಬೇರೆ ಬೇರೆ ತಪ್ಪುಗಳೆಂದು ಕಂಡರೂ ಕಾರಣ ಒಂದೇ.

ಇಂಗ್ಲಿಷಿನಲ್ಲಿ ಸಕರ್ಮಕ ಕ್ರಿಯಾಪದ ತನ್ನ ಕರ್ಮವನ್ನು ನೇರವಾಗಿ ಹಿಡಿಯಬಲ್ಲದು: 'ಡಿಸ್ಕಸ್ಡ್ ದ ಪ್ರೈಸ್'. ನಾಮಪದಕ್ಕೆ ಆ ಶಕ್ತಿ ಇಲ್ಲ. 'ಡಿಸ್ಕಷನ್ ದ ಪ್ರೈಸ್' ಎಂದರೆ ಎರಡು ಪದಗಳು ಅಂಟದೆ ಉಳಿಯುತ್ತವೆ, ನಡುವೆ 'ಅಬೌಟ್' ಅಥವಾ 'ಆಫ್' ಬೇಕು. ಕನ್ನಡದಲ್ಲಿಯೂ ಇದೇ ನಿಯಮ ಇದೆ. 'ಬೆಲೆಯನ್ನು ಚರ್ಚಿಸಿದರು' ಎನ್ನುತ್ತೇವೆ, 'ಬೆಲೆಯನ್ನು ಚರ್ಚೆ' ಎಂದು ಯಾರೂ ಹೇಳುವುದಿಲ್ಲ, 'ಬೆಲೆಯ ಬಗ್ಗೆ ಚರ್ಚೆ' ಎನ್ನುತ್ತೇವೆ. ತೊಂದರೆ ಶುರುವಾಗುವುದು ಕನ್ನಡ ಇನ್ನೊಂದು ಸಲಿಗೆ ಕೊಡುವುದರಿಂದ: 'ಬೆಲೆಯ ಬಗ್ಗೆ ಚರ್ಚಿಸಿದರು' ಎಂಬುದೂ ನಮಗೆ ಸರಿಯೇ. ಆ ಸಲಿಗೆಯನ್ನು ಇಂಗ್ಲಿಷಿಗೆ ಒಯ್ದರೆ 'ಡಿಸ್ಕಸ್ಡ್ ಅಬೌಟ್' ಹುಟ್ಟುತ್ತದೆ.

ಪರೀಕ್ಷಿಸುವುದು ಸುಲಭ. ಅನುಮಾನ ಬಂದ ಪದಕ್ಕೆ ಮೊದಲು 'ಎ', 'ದ', 'ಮೈ', 'ಅವರ್' ಇದೆಯೇ ನೋಡಿ. ಇದ್ದರೆ ಅದು ನಾಮಪದ, ಪ್ರಿಪೊಸಿಷನ್ ಇರಲಿ. 'ಐ', 'ವಿ', 'ದೇ', 'ವಿಲ್', 'ಮಸ್ಟ್' ಇದ್ದರೆ ಅದು ಕ್ರಿಯಾಪದ, ಪ್ರಿಪೊಸಿಷನ್ ಬೇಕೇ ಎಂದು ಕೇಳಬೇಕು. 'ಅವರ್ ವಿಸಿಟ್ ಟು ಬೀದರ್ ಫೋರ್ಟ್' ಸರಿ, 'ವಿ ವಿಸಿಟೆಡ್ ಬೀದರ್ ಫೋರ್ಟ್' ಸರಿ, 'ವಿ ವಿಸಿಟೆಡ್ ಟು ಬೀದರ್ ಫೋರ್ಟ್' ತಪ್ಪು. 'ದ ಡಿಮಾಂಡ್ ಫಾರ್ ವಾಟರ್' ಸರಿ, 'ದ ವಿಲೇಜರ್ಸ್ ಡಿಮಾಂಡೆಡ್ ವಾಟರ್' ಸರಿ. 'ಮೈ ರಿಕ್ವೆಸ್ಟ್ ಫಾರ್ ಎ ಟ್ರಾನ್ಸ್‌ಫರ್' ಸರಿ, 'ಐ ರಿಕ್ವೆಸ್ಟೆಡ್ ಎ ಟ್ರಾನ್ಸ್‌ಫರ್' ಸರಿ.

ಇದರಿಂದ ತೀರ್ಮಾನ ಆಗದಿದ್ದರೆ ವಾಕ್ಯವನ್ನು ಕರ್ಮಣಿ ಪ್ರಯೋಗಕ್ಕೆ ತಿರುಗಿಸಿ. ನನಗೆ ಅತ್ಯಂತ ನಂಬಿಕೆಯ ಪರೀಕ್ಷೆ ಇದೇ. 'ವಿ ಡಿಸ್ಕಸ್ಡ್ ಅಬೌಟ್ ದ ಮ್ಯಾಟರ್' ಎಂದು ಬರೆಯುವವರೇ ಸಭೆಯ ನಡಾವಳಿ ಬರೆಯುವಾಗ 'ದ ಮ್ಯಾಟರ್ ವಾಸ್ ಡಿಸ್ಕಸ್ಡ್' ಎಂದು ನಿಲ್ಲಿಸುತ್ತಾರೆ, ಕೊನೆಗೆ 'ಅಬೌಟ್' ಸೇರಿಸಲು ಅವರ ಕೈಯೇ ಒಪ್ಪುವುದಿಲ್ಲ. ತಿರುಗಿಸಿದಾಗ ಬಿದ್ದುಹೋಗುವ ಪ್ರಿಪೊಸಿಷನ್ ಮೊದಲೂ ಬೇಕಿರಲಿಲ್ಲ. ನಿಜವಾಗಿ ಬೇಕಾದದ್ದು ತಿರುಗಿಸಿದರೂ ಅಂಟಿಕೊಂಡೇ ಇರುತ್ತದೆ: 'ದೇ ಸೆಂಟ್ ಫಾರ್ ದ ಡಾಕ್ಟರ್' ಎಂಬುದು 'ದ ಡಾಕ್ಟರ್ ವಾಸ್ ಸೆಂಟ್ ಫಾರ್' ಆಗುತ್ತದೆ, 'ಫಾರ್' ಬಿಟ್ಟರೆ ಡಾಕ್ಟರನ್ನೇ ಎಲ್ಲಿಗೋ ಕಳಿಸಿದ ಹಾಗಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಕ್ರಿಯಾಪದಕ್ಕೆ ಪ್ರಿಪೊಸಿಷನ್ ಇದ್ದರೆ ಅದರ ನಾಮಪದಕ್ಕೂ ಬಹುಮಟ್ಟಿಗೆ ಅದೇ ಇರುತ್ತದೆ: ಅಪ್ಲೈ ಫಾರ್, ಅಪ್ಲಿಕೇಷನ್ ಫಾರ್; ಡಿಪೆಂಡ್ ಆನ್, ಡಿಪೆಂಡೆನ್ಸ್ ಆನ್. ನಾಮಪದಕ್ಕೆ ಇದೆ ಎಂಬ ಕಾರಣಕ್ಕೆ ಕ್ರಿಯಾಪದಕ್ಕೂ ಇರಬೇಕು ಎಂದು ಮಾತ್ರ ಹೇಳುವಂತಿಲ್ಲ. 'ಆನ್ಸರ್' ಮತ್ತು 'ರಿಪ್ಲೈ' ಎರಡರ ಅರ್ಥವೂ ಉತ್ತರಿಸುವುದೇ ಆದರೂ 'ಆನ್ಸರ್ಡ್ ದ ಲೆಟರ್', 'ರಿಪ್ಲೈಡ್ ಟು ದ ಲೆಟರ್'. ಇದಕ್ಕೆ ಯಾವ ತರ್ಕವೂ ಇಲ್ಲ. ಕ್ರಿಯಾಪದವನ್ನು ಅದರ ಪ್ರಿಪೊಸಿಷನ್ ಸಮೇತ ಕಲಿಯಬೇಕು, ಅಷ್ಟೇ. ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್ ನಿಘಂಟುಗಳಲ್ಲಿ 'ಡಿಸ್ಕಸ್ ಸಮ್‌ಥಿಂಗ್ ವಿತ್ ಸಮ್‌ಬಡಿ' ಎಂದು ಕೀಲುಗಳನ್ನು ತೋರಿಸಿಯೇ ಅಚ್ಚು ಮಾಡಿರುತ್ತಾರೆ. ಅರ್ಥ ಮಾತ್ರ ನೋಡಿ ಪುಟ ಮಗುಚುವವರಿಗೆ ಆ ಸಾಲು ಕಣ್ಣಿಗೆ ಬೀಳುವುದಿಲ್ಲ.

ಪ್ರಿಪೊಸಿಷನ್ ಸೇರಿದರೆ ಅರ್ಥವೇ ಬದಲಾಗುವ ಕ್ರಿಯಾಪದಗಳೂ ಇವೆ. 'ಅಟೆಂಡ್ ಕಾಲೇಜ್' ಎಂದರೆ ಕಾಲೇಜಿಗೆ ಹಾಜರಾಗುವುದು. 'ಅಟೆಂಡ್ ಟು ದ ಪೇಷೆಂಟ್' ಎಂದರೆ ರೋಗಿಯ ಆರೈಕೆ ನೋಡುವುದು. 'ಐ ಅಟೆಂಡ್ ಟು ಕಾಲೇಜ್' ಎಂದು ಬರೆದ ವಿದ್ಯಾರ್ಥಿ ಇಡೀ ಕಾಲೇಜನ್ನು ಉಪಚರಿಸುತ್ತಿದ್ದಾನೆ.

ವಿಭಕ್ತಿ ಪ್ರತ್ಯಯ ಇಂಗ್ಲಿಷಿಗೆ ಇಳಿದಾಗ

ಶಾಲೆಯಲ್ಲಿ 'ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ' ಎಂದು ರಾಗವಾಗಿ ಒಪ್ಪಿಸಿದ್ದೇವೆ. ಅದರಲ್ಲಿ ಇಂಗ್ಲಿಷ್ ಬರೆಯುವವರಿಗೆ ಹೆಚ್ಚು ಕಾಡುವುದು 'ಗೆ' ಮತ್ತು 'ಇಂದ'.

'ಗೆ' ಕಂಡಲ್ಲೆಲ್ಲ 'ಟು' ಹಾಕುವ ಚಟ ನಮ್ಮ ಕಡೆ ಸ್ವಲ್ಪ ಜಾಸ್ತಿಯೇ. ಮೈಸೂರಿನ ಕಡೆಯವರು 'ಅವನನ್ನು ಕೇಳು' ಎನ್ನುವ ಕಡೆ ನಾವು 'ಅವನಿಗೆ ಕೇಳು' ಎನ್ನುತ್ತೇವೆ. ಆಳಂದ, ಭಾಲ್ಕಿಯ ಕಡೆ ಕಿವಿಗೆ ಬೀಳುವ ಮರಾಠಿಯಲ್ಲೂ 'ತ್ಯಾಲಾ ವಿಚಾರ್' ಎಂದು 'ಗೆ'ಗೆ ಸಮನಾದ ಪ್ರತ್ಯಯವೇ ಬರುತ್ತದೆ. ಹೀಗೆ 'ಐ ಆಸ್ಕ್ಡ್ ಟು ದ ಕಂಡಕ್ಟರ್' ತಯಾರಾಗುತ್ತದೆ. ಮನೆಯಲ್ಲಿ ಉರ್ದು ಮಾತನಾಡುವವರು 'ಉಸ್ ಸೇ ಪೂಛೋ' ಎಂಬುದರ ಜಾಡಿನಲ್ಲಿ 'ಆಸ್ಕ್ ಫ್ರಮ್ ಹಿಮ್' ಎನ್ನುತ್ತಾರೆ. ದಾರಿ ಎರಡಾದರೂ ಮುಟ್ಟಿದ ಹಳ್ಳ ಒಂದೇ. ಸರಿಯಾದದ್ದು 'ಐ ಆಸ್ಕ್ಡ್ ದ ಕಂಡಕ್ಟರ್'. 'ಅವನಿಗೆ ಹೇಳಿದೆ' ಎಂಬುದು 'ಟೆಲ್' ಆದರೆ 'ಐ ಟೋಲ್ಡ್ ಹಿಮ್', 'ಸೇ' ಆದರೆ 'ಐ ಸೆಡ್ ಟು ಹಿಮ್'. ಊರಿಗೆ ಮುಟ್ಟಿದರೆ 'ರೀಚ್ಡ್ ವಾಡಿ'. ಅದನ್ನೇ 'ಅರೈವ್' ಬಳಸಿ ಹೇಳುವುದಾದರೆ 'ಅರೈವ್ಡ್ ಎಟ್ ವಾಡಿ ಜಂಕ್ಷನ್', ದೊಡ್ಡ ಊರಾದರೆ 'ಅರೈವ್ಡ್ ಇನ್ ಕಲಬುರಗಿ'. ಅರೈವ್ ಜೊತೆ 'ಟು' ಬರುವುದೇ ಇಲ್ಲ. 'ಮನೆಗೆ ಹೋದೆ' ಎಂಬುದು 'ವೆಂಟ್ ಹೋಮ್', ಅಲ್ಲಿಯೂ 'ಟು' ಇಲ್ಲ.

'ಇಂದ'ದ ಕಥೆ ಇನ್ನೂ ದೊಡ್ಡದು. ಬಿದರಿ ಕುಸುರಿಯ ಒಂದು ಹೂಜಿಯ ಬಗ್ಗೆ ಹೀಗೆ ಬರೆಯಬಹುದು: ಬೀದರಿನಿಂದ ತಂದ ಈ ಹೂಜಿ ಸತು ಮತ್ತು ತಾಮ್ರದಿಂದ ಆದದ್ದು, ಬೆಳ್ಳಿಯಿಂದ ಅಲಂಕರಿಸಿದ್ದು, ಹಿರಿಯ ಕುಶಲಕರ್ಮಿಯೊಬ್ಬರಿಂದ ತಯಾರಾದದ್ದು. ಕನ್ನಡದಲ್ಲಿ ನಾಲ್ಕು ಕಡೆಯೂ 'ಇಂದ'. ಇಂಗ್ಲಿಷಿನಲ್ಲಿ ನಾಲ್ಕಕ್ಕೂ ಬೇರೆ ಬೇರೆ: 'ಬ್ರಾಟ್ ಫ್ರಮ್ ಬೀದರ್', 'ಮೇಡ್ ಆಫ್ ಝಿಂಕ್ ಅಂಡ್ ಕಾಪರ್', 'ಇನ್‌ಲೇಡ್ ವಿತ್ ಸಿಲ್ವರ್', 'ಕ್ರಾಫ್ಟೆಡ್ ಬೈ ಎ ಮಾಸ್ಟರ್'. 'ಇಂದ ಎಂದರೆ ಇಂಗ್ಲಿಷಿನಲ್ಲಿ ಏನು' ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ. 'ಇನ್‌ಲೇಡ್ ಪದ ಏನನ್ನು ಕೇಳುತ್ತದೆ' ಎಂಬ ಪ್ರಶ್ನೆಗೆ ಉತ್ತರ ಇದೆ.

ಇದೇ 'ಇಂದ' ಕಾಲಕ್ಕೂ ಬರುತ್ತದೆ. 'ಹತ್ತು ವರ್ಷದಿಂದ ಯಾದಗಿರಿಯಲ್ಲಿದ್ದೇನೆ' ಎಂಬುದು 'ಐ ಆಮ್ ಇನ್ ಯಾದಗಿರಿ ಸಿನ್ಸ್ ಟೆನ್ ಇಯರ್ಸ್' ಎಂದು ಬರುತ್ತದೆ. ಇದರಲ್ಲಿ ದೋಷ ಒಂದಲ್ಲ, ಎರಡು. 'ಸಿನ್ಸ್' ಬಯಸುವುದು ಶುರುವಾದ ಗಳಿಗೆಯನ್ನು: ಸಿನ್ಸ್ ಮಂಡೇ, ಸಿನ್ಸ್ 1980. ಕಳೆದ ಅವಧಿಯ ಅಳತೆಗೆ 'ಫಾರ್' ಬೇಕು: ಫಾರ್ ಟೆನ್ ಇಯರ್ಸ್. ಇಷ್ಟನ್ನು ತಿದ್ದಿ ಹೆಚ್ಚಿನವರು ಕೈ ತೊಳೆದುಕೊಳ್ಳುತ್ತಾರೆ. ಆದರೆ 'ಐ ಆಮ್ ಇನ್ ಯಾದಗಿರಿ ಫಾರ್ ಟೆನ್ ಇಯರ್ಸ್' ಎಂಬುದೂ ಸರಿಯಲ್ಲ, ಕ್ರಿಯಾಪದವನ್ನೂ ಬದಲಿಸಬೇಕು: 'ಐ ಹ್ಯಾವ್ ಬೀನ್ ಇನ್ ಯಾದಗಿರಿ ಫಾರ್ ಟೆನ್ ಇಯರ್ಸ್'. ಕನ್ನಡದ 'ಇದ್ದೇನೆ' ವರ್ತಮಾನದಲ್ಲಿಯೇ ನಿಂತು ಹಿಂದಿನ ಹತ್ತು ವರ್ಷವನ್ನೂ ಹೊರುತ್ತದೆ. ಇಂಗ್ಲಿಷಿನ 'ಆಮ್'ಗೆ ಅದು ಆಗುವುದಿಲ್ಲ. ಗುಲಬರ್ಗಾ ವಿಶ್ವವಿದ್ಯಾಲಯ 1980ರಿಂದ ಇದೆ ಎನ್ನಲು 'ದ ಯೂನಿವರ್ಸಿಟಿ ಹ್ಯಾಸ್ ಬೀನ್ ಹಿಯರ್ ಸಿನ್ಸ್ 1980'.

ಮದುವೆಯ ವಿಷಯವನ್ನು ಇಲ್ಲಿಯೇ ಮುಗಿಸುತ್ತೇನೆ. 'ಅವರೊಂದಿಗೆ ಮದುವೆ' ಎಂಬ ರೂಢಿಯಿಂದ 'ಮ್ಯಾರಿಡ್ ವಿತ್' ಬಂದಿದೆ. 'ಹಿ ಮ್ಯಾರಿಡ್ ಎ ಟೀಚರ್' ಎಂದರೆ ಮದುವೆಯಾದ ಸುದ್ದಿ. 'ಹಿ ಈಸ್ ಮ್ಯಾರಿಡ್ ಟು ಎ ಟೀಚರ್' ಎಂದರೆ ಈಗಿನ ಸ್ಥಿತಿ. 'ವಿತ್' ಎರಡರಲ್ಲೂ ಇಲ್ಲ.

ಕನ್ನಡವೇ ದಾರಿ ತೋರಿಸುವ ಕಡೆ

ಕಾಲ ಸೂಚಿಸುವಾಗ ವಿಭಕ್ತಿಯನ್ನು ಬೈಯುವ ಅಗತ್ಯವಿಲ್ಲ, ಅದು ಅಚ್ಚರಿಯಷ್ಟು ನೆರವಾಗುತ್ತದೆ. ಹೈದರಾಬಾದ್ ಸಂಸ್ಥಾನ ಭಾರತದ ತೆಕ್ಕೆಗೆ ಬಂದ ಘಟನೆಯನ್ನು 'ಸೆಪ್ಟೆಂಬರ್ 17ರಂದು' ಎನ್ನುತ್ತೇವೆ, '1948ರಲ್ಲಿ' ಎನ್ನುತ್ತೇವೆ, ಅದರ ನೆನಪಿನ ಧ್ವಜಾರೋಹಣಕ್ಕೆ 'ಒಂಬತ್ತು ಗಂಟೆಗೆ' ಬನ್ನಿ ಎನ್ನುತ್ತೇವೆ. 'ಅಂದು' ಇದ್ದರೆ 'ಆನ್', 'ಅಲ್ಲಿ' ಇದ್ದರೆ 'ಇನ್', ಗಂಟೆಗೆ 'ಗೆ' ಹತ್ತಿದರೆ 'ಎಟ್'. ಪ್ರತ್ಯಯವೇ ಇಲ್ಲದ 'ಮುಂದಿನ ಸೋಮವಾರ', 'ಕಳೆದ ವರ್ಷ', 'ಈ ವಾರ' ಎಂಬವಕ್ಕೆ ಇಂಗ್ಲಿಷಿನಲ್ಲಿಯೂ ಪ್ರಿಪೊಸಿಷನ್ ಬೇಡ: 'ನೆಕ್ಸ್ಟ್ ಮಂಡೇ', 'ಲಾಸ್ಟ್ ಇಯರ್', 'ದಿಸ್ ವೀಕ್'. ತಪ್ಪಿಸಿಕೊಳ್ಳುವುದು ದಿನದ ಹೊತ್ತುಗಳು: 'ಇನ್ ದ ಮಾರ್ನಿಂಗ್' ಆದರೂ 'ಎಟ್ ನೈಟ್', ವಾರದ ಹೆಸರು ಸೇರಿದರೆ 'ಆನ್ ಮಂಡೇ ಮಾರ್ನಿಂಗ್'.

ಗಡುವಿನ ವಿಷಯದಲ್ಲಿ ಮಾತ್ರ ಮತ್ತೆ ಜಾರುತ್ತೇವೆ. 'ಶುಕ್ರವಾರದೊಳಗೆ ಕೊಡಿ' ಎಂಬುದು 'ವಿದಿನ್ ಫ್ರೈಡೇ' ಅಲ್ಲ, 'ಬೈ ಫ್ರೈಡೇ'. 'ವಿದಿನ್' ಅವಧಿಯ ಅಳತೆ ಕೇಳುತ್ತದೆ: ವಿದಿನ್ ತ್ರೀ ಡೇಸ್. ಒಂದೇ ಸಲ ಮಾಡಿ ಮುಗಿಸುವ ಕೆಲಸಕ್ಕೆ 'ಬೈ', ಆ ದಿನದ ತನಕ ಎಳೆದುಕೊಂಡು ಹೋಗುವ ಕೆಲಸಕ್ಕೆ 'ಅನ್‌ಟಿಲ್': 'ಸಬ್ಮಿಟ್ ಬೈ ಫ್ರೈಡೇ', 'ವೇಟ್ ಅನ್‌ಟಿಲ್ ಫ್ರೈಡೇ'.

'ಮಾಡು' ಎಂಬ ಸರ್ವರೋಗದ ಮಾತ್ರೆ

ಊಟ ಮಾಡು, ಸ್ನಾನ ಮಾಡು, ಫೋನ್ ಮಾಡು, ತಪ್ಪು ಮಾಡು, ನಿದ್ದೆ ಮಾಡು. ಕನ್ನಡ ಒಂದೇ ಕ್ರಿಯಾಪದದಲ್ಲಿ ಸಂಸಾರ ಸಾಗಿಸುತ್ತದೆ. ಇಂಗ್ಲಿಷಿನಲ್ಲಿ ನಾಮಪದಗಳು ತಮಗೆ ಬೇಕಾದದ್ದನ್ನು ಆರಿಸುತ್ತವೆ: ಲಂಚ್‌ಗೆ 'ಹ್ಯಾವ್', ಬಾತ್‌ಗೆ 'ಟೇಕ್' ಅಥವಾ 'ಹ್ಯಾವ್', ಕಾಲ್‌ಗೆ 'ಮೇಕ್', ಮಿಸ್ಟೇಕ್‌ಗೆ 'ಮೇಕ್', ಹೋಮ್‌ವರ್ಕ್‌ಗೆ 'ಡು'. 'ಐ ಡಿಡ್ ಎ ಮಿಸ್ಟೇಕ್' ಎಂದು ಕಂಡರೆ ಕ್ರಿಯಾಪದವನ್ನು ದಿಟ್ಟಿಸಿ ಫಲವಿಲ್ಲ. ನಿಘಂಟಿನಲ್ಲಿ 'ಡು' ಹುಡುಕಬೇಡಿ, 'ಮಿಸ್ಟೇಕ್' ಹುಡುಕಿ, ಅದರ ಉದಾಹರಣೆಗಳಲ್ಲಿ ಜೊತೆಗಾರ ಸಿಗುತ್ತದೆ.

'ಇಟ್' ಹಾಕಿ ನೋಡುವ ಪರೀಕ್ಷೆ

ಒಂದೇ ಸಣ್ಣ ಪದದಿಂದ ಎರಡು ದೋಷ ಪತ್ತೆಯಾಗುತ್ತವೆ. ಮೊದಲನೆಯದು 'ಸ್ವಿಚ್ ಆಫ್', 'ಫಿಲ್ ಇನ್', 'ಲುಕ್ ಆಫ್ಟರ್' ಮುಂತಾದ ಜೋಡಿ ಕ್ರಿಯಾಪದಗಳದ್ದು. ನಾಮಪದ ಇದ್ದಾಗ 'ಸ್ವಿಚ್ ಆಫ್ ದ ಪಂಪ್', 'ಲುಕ್ ಆಫ್ಟರ್ ದ ಪಂಪ್' ಎರಡೂ ಒಂದೇ ಬಗೆಯವು ಎಂದು ತೋರುತ್ತದೆ. ಪಂಪಿನ ಜಾಗದಲ್ಲಿ 'ಇಟ್' ಇಟ್ಟರೆ ಬೇರೆಯಾಗುತ್ತವೆ: 'ಸ್ವಿಚ್ ಇಟ್ ಆಫ್', ಆದರೆ 'ಲುಕ್ ಆಫ್ಟರ್ ಇಟ್'. 'ಸ್ವಿಚ್ ಆಫ್ ಇಟ್' ತಪ್ಪು. ಮೊದಲನೆಯದರಲ್ಲಿ 'ಆಫ್' ಕ್ರಿಯಾಪದದ ತುಂಡು, ಅದು ಸರಿದು ದಾರಿ ಬಿಡುತ್ತದೆ. ಎರಡನೆಯದರಲ್ಲಿ 'ಆಫ್ಟರ್' ನಿಜವಾದ ಪ್ರಿಪೊಸಿಷನ್, ತನ್ನ ನಾಮಪದವನ್ನು ಬಿಟ್ಟು ಕದಲುವುದಿಲ್ಲ.

ಎರಡನೆಯದು 'ಟು' ದೋಷ. ಉದ್ಯೋಗದ ಅರ್ಜಿಗಳ ಕೊನೆಯ ಸಾಲಿನಲ್ಲಿ 'ಐ ಲುಕ್ ಫಾರ್ವರ್ಡ್ ಟು ಮೀಟ್ ಯು' ಎಂದು ಎಷ್ಟು ಜನ ಬರೆಯುತ್ತಾರೋ ಲೆಕ್ಕವಿಲ್ಲ. 'ಟು' ನಂತರ 'ಇಟ್' ಇಟ್ಟು ನೋಡಿ. 'ಲುಕ್ ಫಾರ್ವರ್ಡ್ ಟು ಇಟ್' ನಿಲ್ಲುತ್ತದೆ, ಆದ್ದರಿಂದ ಆ 'ಟು' ಪ್ರಿಪೊಸಿಷನ್. ಪ್ರಿಪೊಸಿಷನ್ ನಂತರ ಕ್ರಿಯಾಪದ ಬಂದರೆ ಅದು 'ಇಂಗ್' ಹಚ್ಚಿಕೊಂಡು ನಾಮಪದದಂತೆ ಬರಬೇಕು: 'ಲುಕ್ ಫಾರ್ವರ್ಡ್ ಟು ಮೀಟಿಂಗ್ ಯು'. 'ಐ ವಾಂಟ್ ಟು ಇಟ್' ನಿಲ್ಲುವುದಿಲ್ಲ, ಹಾಗಾಗಿ 'ಐ ವಾಂಟ್ ಟು ಮೀಟ್ ಯು' ಇದ್ದಂತೆಯೇ ಸರಿ.

ಒಂದು ರಜಾ ಅರ್ಜಿಯ ತಪಾಸಣೆ

ಪಿಯು ವಿದ್ಯಾರ್ಥಿಗಳಿಂದ ಬರುವ ಅರ್ಜಿ ಸಾಮಾನ್ಯವಾಗಿ ಹೀಗಿರುತ್ತದೆ: 'ಐ ಆಮ್ ಸಫರಿಂಗ್ ಫ್ರಮ್ ಫೀವರ್ ಸಿನ್ಸ್ ತ್ರೀ ಡೇಸ್. ಐ ಕೆನಾಟ್ ಅಟೆಂಡ್ ಟು ಕಾಲೇಜ್. ಐ ವಿಲ್ ಸಬ್ಮಿಟ್ ದ ಮೆಡಿಕಲ್ ಸರ್ಟಿಫಿಕೇಟ್ ವಿದಿನ್ ಮಂಡೇ. ಕೈಂಡ್ಲಿ ಎಕ್ಸ್‌ಪ್ಲೇನ್ ಮಿ ದ ಪ್ರೊಸೀಜರ್.'

'ಸಫರಿಂಗ್ ಫ್ರಮ್' ಸರಿ. ತಲೆಮಾರುಗಳಿಂದ ಒಬ್ಬರದನ್ನು ನೋಡಿ ಒಬ್ಬರು ಬರೆಯುತ್ತ ಬಂದ ಸಾಲಾದ್ದರಿಂದ ಅದು ಕೆಡುವುದೇ ಇಲ್ಲ. 'ತ್ರೀ ಡೇಸ್' ಅವಧಿ, ಆದ್ದರಿಂದ 'ಫಾರ್'. ಜೊತೆಗೆ 'ಆಮ್ ಸಫರಿಂಗ್' ಹೋಗಿ 'ಹ್ಯಾವ್ ಬೀನ್ ಸಫರಿಂಗ್' ಬರಬೇಕು. 'ಅಟೆಂಡ್' ಮುಂದಿನ 'ಟು' ತೆಗೆಯಬೇಕು. ಸಲ್ಲಿಸುವುದು ಒಂದೇ ಸಲದ ಕೆಲಸ, 'ಬೈ ಮಂಡೇ'.

ಕೊನೆಯ ಸಾಲಿಗೆ ಬಂದಾಗ ಒಬ್ಬ ಹುಡುಗ ಬಿಡದೆ ಕೇಳಿದ: "ಸರ್, 'ಗಿವ್ ಮಿ' ಸರಿಯಾದರೆ 'ಎಕ್ಸ್‌ಪ್ಲೇನ್ ಮಿ' ಏಕೆ ತಪ್ಪು?"

"ಗಿವ್, ಟೆಲ್, ಸೆಂಡ್, ಶೋ ಇವು ವ್ಯಕ್ತಿಯನ್ನು ಪಕ್ಕದಲ್ಲಿಯೇ ಕೂರಿಸಿಕೊಳ್ಳುತ್ತವೆ ತಮ್ಮಾ. ಎಕ್ಸ್‌ಪ್ಲೇನ್, ಸೇ, ಸಜೆಸ್ಟ್, ಡಿಸ್ಕ್ರೈಬ್ ಕೂರಿಸಿಕೊಳ್ಳುವುದಿಲ್ಲ. ಅವುಗಳ ಪಕ್ಕದಲ್ಲಿ ಮೊದಲು ವಿಷಯ ಬರಬೇಕು, ವ್ಯಕ್ತಿ ಆಮೇಲೆ 'ಟು' ಹಿಡಿದುಕೊಂಡು ಬರಬೇಕು."

'ಕೈಂಡ್ಲಿ ಎಕ್ಸ್‌ಪ್ಲೇನ್ ದ ಪ್ರೊಸೀಜರ್ ಟು ಮಿ' ಎಂದು ತಿದ್ದಿಕೊಂಡು ಹೋದ. ಪ್ರಶ್ನೆ ಕೇಳದೆ ಹಣ ಕೊಟ್ಟು ಹೋಗುವವರೇ ಹೆಚ್ಚಿರುವಾಗ ಇಂಥವರಿಗೆ ನಾನು ಪ್ರಿಂಟಿನ ದುಡ್ಡು ಮಾತ್ರ ತೆಗೆದುಕೊಳ್ಳುತ್ತೇನೆ.

ದೋಷವೆಂದು ತೋರಿದರೂ ದೋಷವಲ್ಲದವು

ವಾಕ್ಯದ ಕೊನೆಯಲ್ಲಿ ಪ್ರಿಪೊಸಿಷನ್ ಬರಬಾರದು ಎಂದು ಕೆಂಪು ಗೆರೆ ಎಳೆಯುವವರು ಈಗಲೂ ಇದ್ದಾರೆ. ಇಂಗ್ಲಿಷ್ ಕವಿ ಜಾನ್ ಡ್ರೈಡನ್ 1672ರಲ್ಲಿ ತನಗಿಂತ ಹಿಂದಿನ ನಾಟಕಕಾರ ಬೆನ್ ಜಾನ್ಸನ್ ಹೀಗೆ ಬರೆದದ್ದನ್ನು ತಪ್ಪೆಂದು ಆಕ್ಷೇಪಿಸಿದ, ಮುಂದೆ ಲ್ಯಾಟಿನ್ ಮಾದರಿಯನ್ನು ಮೆಚ್ಚಿದ ವ್ಯಾಕರಣಕಾರರು ಅದನ್ನು ಬೆಳೆಸಿದರು. ಇಂಗ್ಲಿಷ್ ಆಡುವವರು ಆಗಲೂ ಈಗಲೂ 'ವಾಟ್ ಆರ್ ಯು ವೇಟಿಂಗ್ ಫಾರ್?' ಎಂದೇ ಕೇಳುತ್ತಾರೆ. ಹೆದರಿ 'ಫಾರ್' ಕಿತ್ತುಹಾಕಿದರೆ ಆಗ ನಿಜವಾದ ದೋಷ ಹುಟ್ಟುತ್ತದೆ: 'ದ ಬಸ್ ಐ ವಾಸ್ ವೇಟಿಂಗ್ ಡಿಡ್ ನಾಟ್ ಕಮ್' ಎಂಬಲ್ಲಿ 'ವೇಟಿಂಗ್ ಫಾರ್' ಇರಲೇಬೇಕು.

'ಡಿಫರೆಂಟ್ ಫ್ರಮ್' ಎಲ್ಲೆಡೆ ನಡೆಯುತ್ತದೆ. 'ಡಿಫರೆಂಟ್ ಟು' ಬ್ರಿಟನ್ನಿನಲ್ಲಿ, 'ಡಿಫರೆಂಟ್ ದ್ಯಾನ್' ಅಮೆರಿಕದಲ್ಲಿ ಕೇಳಿಬರುತ್ತದೆ. ವಾರಾಂತ್ಯಕ್ಕೆ ಬ್ರಿಟಿಷರು 'ಎಟ್ ದ ವೀಕೆಂಡ್' ಎಂದರೆ ಅಮೆರಿಕದವರು 'ಆನ್ ದ ವೀಕೆಂಡ್' ಎನ್ನುತ್ತಾರೆ. ಎರಡೂ ಸರಿ, ಎರಡನ್ನೂ ಒಂದೇ ಅರ್ಜಿಯಲ್ಲಿ ಬೆರೆಸದಿದ್ದರಾಯಿತು. ಬಸ್ಸಿನ ಒಳಗೆ ಕುಳಿತಿದ್ದರೂ 'ಆನ್ ದ ಬಸ್' ಎಂಬುದೇ ರೂಢಿ, ಕಾರಿಗೆ ಮಾತ್ರ 'ಇನ್'. 'ಆನ್ ದ ಬಸ್' ಎಂದರೆ ಟಾಪಿನ ಮೇಲೆ ಕುಳಿತಂತಲ್ಲವೇ ಎಂದು ಚಿತ್ತಾಪುರದ ಕಡೆಯ ಹಿರಿಯರೊಬ್ಬರು ನನ್ನನ್ನು ತರಾಟೆಗೆ ತೆಗೆದುಕೊಂಡರು. ಟಾಪಿನ ಮೇಲೆ ಕುಳಿತಿದ್ದರೆ 'ಆನ್ ಟಾಪ್ ಆಫ್ ದ ಬಸ್' ಎಂದು ಬಿಡಿಸಿ ಹೇಳಬೇಕಾಗುತ್ತದೆ ಎಂದೆ.